ಏಳು ಸಾವಿರ ಕಲ್ಲುಗಳ ಲೆಕ್ಕ

1982ರ ವಸಂತದಲ್ಲಿ ಅಂದಿನ ಪಶ್ಚಿಮ ಜರ್ಮನಿಯ ಕಾಸೆಲ್ ನಗರದ ನಾಗರಿಕರಿಗೆ ವಿಚಿತ್ರ ದೃಶ್ಯವೊಂದು ಎದುರಾಯಿತು. ಊರಿನ ಹೃದಯಭಾಗದಲ್ಲಿರುವ ಹಳೆಯ ವಸ್ತುಸಂಗ್ರಹಾಲಯದ ಮುಂದಿನ ಬಯಲಿನಲ್ಲಿ ಕಪ್ಪು ಕಲ್ಲಿನ ಕಂಬಗಳ ದೊಡ್ಡ ರಾಶಿ ಬಿದ್ದಿತ್ತು. ಹತ್ತಲ್ಲ, ನೂರಲ್ಲ, ಏಳು ಸಾವಿರ ಕಂಬಗಳು. ಒಂದೊಂದೂ ಸುಮಾರು ನಾಲ್ಕು ಅಡಿ ಉದ್ದ. ಅವು ಕಟ್ಟಡ ಕಟ್ಟುವುದಕ್ಕೆ ಬಂದವಲ್ಲ, ರಸ್ತೆ ಮಾಡುವುದಕ್ಕೂ ಅಲ್ಲ. ಐದು ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ‘ಡಾಕ್ಯುಮೆಂಟಾ’ ಕಲಾಪ್ರದರ್ಶನಕ್ಕಾಗಿ ಯೋಸೆಫ್ ಬಾಯ್ಸ್ ಎಂಬ ಕಲಾವಿದ ಅವನ್ನು ತರಿಸಿದ್ದರು.

ಆ ರಾಶಿಗೆ ಇದ್ದುದು ಒಂದೇ ನಿಯಮ. ನಗರದಲ್ಲಿ ಎಲ್ಲಾದರೂ ಒಂದು ಗಿಡ ನೆಟ್ಟರೆ ಮಾತ್ರ ರಾಶಿಯಿಂದ ಒಂದು ಕಲ್ಲನ್ನು ಎತ್ತಬಹುದು. ಎತ್ತಿದ ಕಲ್ಲನ್ನು ಆ ಗಿಡದ ಮಗ್ಗುಲಲ್ಲೇ ಹುಗಿದು ನಿಲ್ಲಿಸಬೇಕು. ಏಳು ಸಾವಿರ ಗಿಡಗಳನ್ನು ನೆಡುವ ತನಕ ರಾಶಿ ಕರಗುವಂತಿಲ್ಲ. ಊರಿನ ಚೌಕ ಮೊದಲಿನಂತೆ ಅಂದವಾಗಿ ಕಾಣಬೇಕೆಂದರೆ ಊರಿನವರೇ ಹಾರೆ, ಗುದ್ದಲಿ ಹಿಡಿಯಬೇಕು. ಹಲವರಿಗೆ ಇದು ಹಿಡಿಸಲಿಲ್ಲ. ಕೆಲವರು ಕಲ್ಲುಗಳಿಗೆ ಗುಲಾಬಿ ಬಣ್ಣ ಬಳಿದು ಪ್ರತಿಭಟಿಸಿದ್ದೂ ಉಂಟು. ಬಾಯ್ಸ್ ಜಗ್ಗಲಿಲ್ಲ. ಗಿಡ, ಕಲ್ಲು ಸೇರಿ ಒಂದೊಂದಕ್ಕೆ 500 ಮಾರ್ಕ್ ಖರ್ಚು. ಹಣ ಹೊಂದಿಸಲು ಅವರು ರಷ್ಯದ ಝಾರ್ ದೊರೆಯ ಕಿರೀಟದ ಪ್ರತಿಕೃತಿಯೊಂದನ್ನು ಕರಗಿಸಿ, ಅದರಿಂದ ಚಿನ್ನದ ಮೊಲವನ್ನು ಎರಕ ಹೊಯ್ದು ಮಾರಾಟಕ್ಕಿಟ್ಟರು. ಜಪಾನಿನ ವಿಸ್ಕಿ ಜಾಹೀರಾತಿನಲ್ಲೂ ಕಾಣಿಸಿಕೊಂಡರು. 1986ರ ಜನವರಿಯಲ್ಲಿ ಅವರು ತೀರಿಕೊಂಡಾಗ ರಾಶಿಯಲ್ಲಿ ಇನ್ನೂ ಕಲ್ಲುಗಳು ಉಳಿದಿದ್ದವು. 1987ರ ಜೂನ್‌ನಲ್ಲಿ ಅವರ ಮಗ, ತಂದೆ ನೆಟ್ಟಿದ್ದ ಮೊದಲ ಓಕ್ ಮರದ ಪಕ್ಕದಲ್ಲೇ ಕೊನೆಯ ಗಿಡವನ್ನು ನೆಟ್ಟರು. ರಾಶಿ ಖಾಲಿಯಾಯಿತು.

ಯುದ್ಧಕಾಲದ ಬಾಂಬ್ ದಾಳಿಯಲ್ಲಿ ನೆಲಸಮವಾಗಿ, ಬಳಿಕ ಕಾಂಕ್ರೀಟಿನಲ್ಲಿ ಮರುಹುಟ್ಟು ಪಡೆದಿದ್ದ ಆ ನಗರದ ಬೀದಿಗಳಲ್ಲಿ, ಶಾಲೆಗಳ ಅಂಗಳದಲ್ಲಿ, ವಾಹನ ನಿಲ್ದಾಣಗಳ ಅಂಚಿನಲ್ಲಿ ಈ ಮರಗಳು ಇಂದಿಗೂ ನೆರಳು ಕೊಡುತ್ತಿವೆ. ‘7000 ಓಕ್‌ಗಳು’ ಎಂಬುದು ಕೃತಿಯ ಹೆಸರಾದರೂ ಅವುಗಳಲ್ಲಿ ಲಿಂಡನ್, ಮೇಪಲ್, ಪ್ಲೇನ್ ಮುಂತಾದ ಬೇರೆ ಜಾತಿಯವೂ ಇವೆ. ನೆಟ್ಟ ದಿನ ಕಲ್ಲು ದೊಡ್ಡದು, ಗಿಡ ಚಿಕ್ಕದು. ಇಂದು ಕಲ್ಲು ಮರದ ಬುಡದಲ್ಲಿ ಕೂತ ಮಗುವಿನಂತಿದೆ. ಬಾಯ್ಸ್ ಬಯಸಿದ್ದೂ ಇದನ್ನೇ.

ನಾಲ್ಕು ದಶಕ ಹಿಂದಿನ ಈ ಕಥೆ ಈಗೇಕೆ? ವಾತಾವರಣಕ್ಕೆ ನಾವು ಸುರಿದಿರುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಮರಳಿ ಹೀರಿ ತೆಗೆಯುವ ಕೆಲಸದಲ್ಲಿ ಕಲೆಗೂ ನಾದಕ್ಕೂ ಪಾತ್ರವಿದೆ ಎಂಬ ಮಾತು ಇತ್ತೀಚೆಗೆ ಮತ್ತೆಮತ್ತೆ ಕೇಳಿಬರುತ್ತಿದೆ. ಸಂಗೀತ ಕೇಳಿಸಿದರೆ ಗಿಡ ಸೊಂಪಾಗಿ ಬೆಳೆಯುತ್ತದೆ, ಧ್ವನಿತರಂಗ ಹರಿಸಿದರೆ ಮಣ್ಣು ಚೇತರಿಸಿಕೊಳ್ಳುತ್ತದೆ, ಕಲಾಕೃತಿಯೇ ಗಾಳಿಯನ್ನು ಶುದ್ಧಗೊಳಿಸುತ್ತದೆ ಎಂಬೆಲ್ಲ ಹೇಳಿಕೆಗಳಿವೆ. ಇದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಕೇರಿ ನೋಡಬೇಕಾಗಿದೆ.

ಒಂದು ಬಸ್ಸಿನಷ್ಟು ಜನ

ಮೊದಲು ಲೆಕ್ಕ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳತೆ ಆರಂಭಿಸಿದಾಗ ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಈ ಅನಿಲದ ಕಣಗಳು ಸುಮಾರು 315 ಇದ್ದವು. 2024ರ ಸರಾಸರಿ 424ನ್ನು ದಾಟಿತು. ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲ ಹಾಗೂ ಸಿಮೆಂಟಿನಿಂದ ಜಗತ್ತು ವರ್ಷಕ್ಕೆ ಹೊರಗೆಡಹುವುದು ಸುಮಾರು 3,700 ಕೋಟಿ ಟನ್.

ಬಲಿತ ಮರವೊಂದು ವರ್ಷಕ್ಕೆ ಸುಮಾರು 20ರಿಂದ 22 ಕಿಲೋ ಇಂಗಾಲದ ಡೈಆಕ್ಸೈಡ್ ಹೀರುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಅಂದಾಜು. ಆ ಪ್ರಕಾರ ಕಾಸೆಲ್‌ನ ಏಳು ಸಾವಿರ ಮರಗಳು ವರ್ಷಕ್ಕೆ ಹೀರುವುದು ಹೆಚ್ಚೆಂದರೆ 150 ಟನ್‌ನ ಆಸುಪಾಸು. ಸರಾಸರಿ ಭಾರತೀಯನೊಬ್ಬನ ವಾರ್ಷಿಕ ಪಾಲು ಸುಮಾರು 2 ಟನ್. ಅಂದರೆ ಬೆಳಗಿನ ಹೊತ್ತು ಕಿಕ್ಕಿರಿದು ತುಂಬಿದ ಒಂದು ಸಿಟಿ ಬಸ್ಸಿನ ಪ್ರಯಾಣಿಕರ ಪಾಪವನ್ನು ತೊಳೆಯಲು ಅಷ್ಟೂ ಮರಗಳು ಬೇಕು. ಜರ್ಮನರ ತಲಾ ಪಾಲು ನಮ್ಮದರ ಮೂರು ಪಟ್ಟಿಗೂ ಹೆಚ್ಚು. ಅವರಾದರೆ ಇಪ್ಪತ್ತು ಮಂದಿಗೆ ಸಾಕಾದೀತು. ಐದು ವರ್ಷಗಳ ಶ್ರಮ, ಒಬ್ಬ ಮಹಾನ್ ಕಲಾವಿದನ ಕೊನೆಗಾಲ, ಒಂದು ಇಡೀ ನಗರದ ವಾದವಿವಾದ ಎಲ್ಲ ಸೇರಿ ದಕ್ಕಿದ್ದು ಇಷ್ಟು.

ಯಂತ್ರಗಳ ಸಾಧನೆಯಾದರೂ ಏನು ಮಹಾ? ಗಾಳಿಯಿಂದ ನೇರವಾಗಿ ಅನಿಲವನ್ನು ಹೀರುವ ಎರಡು ಪ್ರಸಿದ್ಧ ಸ್ಥಾವರಗಳು ಐಸ್‌ಲ್ಯಾಂಡಿನಲ್ಲಿವೆ. 2021ರಲ್ಲಿ ಆರಂಭವಾದ ‘ಓರ್ಕಾ’ದ ಘೋಷಿತ ಸಾಮರ್ಥ್ಯ ವರ್ಷಕ್ಕೆ 4,000 ಟನ್, 2024ರಲ್ಲಿ ಆರಂಭವಾದ ‘ಮ್ಯಾಮತ್’ನದು 36,000 ಟನ್. ನಿಜವಾದ ಇಳುವರಿ ಅದಕ್ಕಿಂತ ಬಹಳ ಕಡಿಮೆ ಎಂದು ವರದಿಗಳು ಹೇಳುತ್ತಿವೆ. ಪೂರ್ಣ ಸಾಮರ್ಥ್ಯದಲ್ಲಿ ಓಡಿದರೂ ಇಡೀ ವರ್ಷದ ಗಳಿಕೆ ಜಗತ್ತಿನ ಅರ್ಧ ನಿಮಿಷದ ಹೊಗೆಗೆ ಸರಿಹೋಗುತ್ತದೆ. ಆದ್ದರಿಂದ ಹೊಗೆ ಉಗುಳುವುದನ್ನು ನಿಲ್ಲಿಸುವುದಕ್ಕೆ ಪರ್ಯಾಯವಿಲ್ಲ. ಹೀರುವ ಕೆಲಸ ಏನಿದ್ದರೂ ಅದರ ಬೆನ್ನಿಗೆ ಬರಬೇಕಾದ್ದು. ಈ ಮಾತನ್ನು ಮರೆತು ಕಲೆಯ ಬಗೆಗಾಗಲೀ ಯಂತ್ರದ ಬಗೆಗಾಗಲೀ ಮಾತಾಡುವುದು ಆತ್ಮವಂಚನೆ.

ಗಿಡಕ್ಕೆ ರಾಗ, ಮಣ್ಣಿಗೆ ಸದ್ದು

ಇನ್ನು ನಾದದ ಮಾತು. ಗಿಡಗಳಿಗೆ ಸಂಗೀತ ಕೇಳಿಸುವ ಪ್ರಯೋಗಕ್ಕೆ ನಮ್ಮ ದೇಶದಲ್ಲೇ ಹಳೆಯ ಇತಿಹಾಸವಿದೆ. 1950ರ ದಶಕದಿಂದ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಟಿ.ಸಿ.ಎನ್. ಸಿಂಗ್ ಅವರು ಪಿಟೀಲು, ವೀಣೆ, ಕೊಳಲುಗಳ ನಾದಕ್ಕೆ ಸಸ್ಯಗಳು ಹೇಗೆ ಸ್ಪಂದಿಸುತ್ತವೆ ಎಂದು ಪರೀಕ್ಷಿಸಿದರು. ಫಸಲು ಹೆಚ್ಚಿತೆಂದು ವರದಿ ಮಾಡಿದರು. 1973ರಲ್ಲಿ ಬಂದ ‘ದಿ ಸೀಕ್ರೆಟ್ ಲೈಫ್ ಆಫ್ ಪ್ಲಾಂಟ್ಸ್’ ಎಂಬ ಪುಸ್ತಕ ಇಂಥ ಸಂಗತಿಗಳಿಗೆ ಇನ್ನಷ್ಟು ರೆಕ್ಕೆ ಕಟ್ಟಿ ಜಗತ್ತಿಗೆಲ್ಲ ಹಾರಿಸಿತು. ಆದರೆ ಆ ಪುಸ್ತಕದ ಹಲವು ಪ್ರತಿಪಾದನೆಗಳು ಇತರರ ಪ್ರಯೋಗಶಾಲೆಗಳಲ್ಲಿ ರುಜುವಾತಾಗಲಿಲ್ಲ. ರಾಗದ ರಸವನ್ನು ಸವಿಯುವ ಕಿವಿ ಸಸ್ಯಕ್ಕಿದೆ ಎನ್ನಲು ಆಧಾರವಿಲ್ಲ.

ಹಾಗೆಂದು ಸಸ್ಯಗಳು ಪೂರಾ ಕಿವುಡೂ ಅಲ್ಲ. 2014ರಲ್ಲಿ ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಕಂಬಳಿಹುಳು ಎಲೆಯನ್ನು ಜಗಿಯುವಾಗ ಉಂಟಾಗುವ ಕಂಪನವನ್ನು ದಾಖಲಿಸಿ, ಸಾಸಿವೆ ಬಳಗದ ಪುಟ್ಟ ಗಿಡವೊಂದಕ್ಕೆ ಆ ಕಂಪನವನ್ನಷ್ಟೇ ಮುಟ್ಟಿಸಿದರು. ಹುಳುವೇ ಇಲ್ಲದಿದ್ದರೂ ಗಿಡ ಎಚ್ಚೆತ್ತಿತು; ಮುಂದೆ ಹುಳು ಬಂದಾಗ ತನ್ನ ರಕ್ಷಣೆಯ ಖಾರದ ರಾಸಾಯನಿಕಗಳನ್ನು ಹೆಚ್ಚಾಗಿ ಸ್ರವಿಸಿತು. ಗಿಡಕ್ಕೆ ಬೇಕಾದ್ದು ಸಂಗೀತವಲ್ಲ, ಸುದ್ದಿ.

ಇದಕ್ಕಿಂತ ಕುತೂಹಲದ ಪ್ರಯೋಗ 2024ರಲ್ಲಿ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದಿಂದ ವರದಿಯಾಯಿತು. ಜೇಕ್ ರಾಬಿನ್ಸನ್ ಮತ್ತು ಸಂಗಡಿಗರು ಟ್ರೈಕೋಡರ್ಮಾ ಎಂಬ ಶಿಲೀಂಧ್ರಕ್ಕೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ 80 ಡೆಸಿಬೆಲ್‌ನ ಒಂದೇ ಸಮನೆಯ ಕೀರಲು ಸದ್ದನ್ನು ಕೇಳಿಸಿದರು. ಹಳೆಯ ರೇಡಿಯೋ ಸ್ಟೇಷನ್ ಸಿಗದಿದ್ದಾಗ ಹೊರಡುವಂಥ ಸದ್ದು. ನಿಶ್ಶಬ್ದದಲ್ಲಿಟ್ಟ ಶಿಲೀಂಧ್ರಕ್ಕಿಂತ ಸದ್ದು ಕೇಳಿದ ಶಿಲೀಂಧ್ರ ಹುಲುಸಾಗಿ ಬೆಳೆಯಿತು, ಹೆಚ್ಚು ಬೀಜಕಣಗಳನ್ನು ಕೊಟ್ಟಿತು. ಟ್ರೈಕೋಡರ್ಮಾ ನಮ್ಮ ಅಡಿಕೆ, ಮೆಣಸು ಬೆಳೆಗಾರರಿಗೆ ಹೊಸತಲ್ಲ. ಬೇರು ಕೊಳೆಯುವ ರೋಗಗಳ ವಿರುದ್ಧ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕುವುದು ಇದನ್ನೇ. ವಾತಾವರಣದಲ್ಲಿ ಮತ್ತು ಸಸ್ಯರಾಶಿಯಲ್ಲಿ ಇರುವ ಇಂಗಾಲವನ್ನೆಲ್ಲ ಕೂಡಿಸಿದರೂ ಮಣ್ಣಿನಲ್ಲಿರುವ ಇಂಗಾಲದ ಮೊತ್ತ ಅದಕ್ಕಿಂತ ಹೆಚ್ಚು. ಆ ಇಂಗಾಲ ಮಣ್ಣಿನಲ್ಲೇ ನಿಲ್ಲುವಂತೆ ಮಾಡುವ ಜೀವಿಗಳಲ್ಲಿ ಶಿಲೀಂಧ್ರಗಳದು ದೊಡ್ಡ ಪಾಲು. ಸದ್ದಿನಿಂದ ಬಂಜರು ಮಣ್ಣಿಗೆ ಜೀವ ತುಂಬಬಹುದೇ ಎಂಬ ಆಸೆ ಇಲ್ಲಿಂದ ಹುಟ್ಟಿದೆ. ಆದರೆ ಇದು ಪ್ರಯೋಗಶಾಲೆಯ ತಟ್ಟೆಯಲ್ಲಿ ಐದು ದಿನ ನಡೆದ ಪರೀಕ್ಷೆ. ಹೊಲದಲ್ಲಿ, ಮಳೆಬಿಸಿಲಿನಲ್ಲಿ, ವರ್ಷಾನುಗಟ್ಟಲೆ ನಡೆದ ಪರೀಕ್ಷೆಯಲ್ಲ. ಹೊಲದ ಬದುವಿನಲ್ಲಿ ಧ್ವನಿವರ್ಧಕ ನಿಲ್ಲಿಸಿ ಇಂಗಾಲದ ಲೆಕ್ಕ ಬರೆಯಲು ಯಾರಾದರೂ ಹೊರಟರೆ ಜೇಬು ಭದ್ರಪಡಿಸಿಕೊಳ್ಳುವುದು ಒಳ್ಳೆಯದು.

ನಾದ ಇಂದು ನಿಜವಾಗಿ ನೆರವಾಗುತ್ತಿರುವುದು ಬೇರೊಂದು ದಿಕ್ಕಿನಲ್ಲಿ. ಅಲ್ಲಿ ಸದ್ದು ಮಾಡುವುದು ಕಾಡು, ಕೇಳಿಸಿಕೊಳ್ಳುವುದು ನಾವು. ಈಕ್ವೆಡಾರ್ ದೇಶದ ಚೋಕೋ ಪ್ರದೇಶದಲ್ಲಿ ಹಿಂದೆ ಹುಲ್ಲುಗಾವಲು, ಕೋಕೋ ತೋಟಗಳಾಗಿದ್ದು ಈಗ ಮತ್ತೆ ಕಾಡಾಗುತ್ತಿರುವ ಜಾಗಗಳಲ್ಲಿ ಧ್ವನಿಗ್ರಾಹಕಗಳನ್ನು ಇಟ್ಟು, ಹಕ್ಕಿ, ಕಪ್ಪೆಗಳ ಕೂಗಿನಿಂದಲೇ ಕಾಡು ಎಷ್ಟರಮಟ್ಟಿಗೆ ಚೇತರಿಸಿಕೊಂಡಿದೆ ಎಂದು ವಿಜ್ಞಾನಿಗಳು ಗುರುತಿಸಿದರು. ಅಧ್ಯಯನ ಪ್ರಕಟವಾದದ್ದು 2023ರಲ್ಲಿ. ಇದರ ಮಹತ್ವ ಮಲೆನಾಡಿಗರಿಗೆ ಬೇಗ ತಿಳಿದೀತು. ಅಕೇಸಿಯಾ ನೆಡುತೋಪಿನೊಳಗೆ ಒಂದು ಸಂಜೆ ನಿಂತು, ಮರುದಿನ ಹಳೆಯ ಕಾನಿನೊಳಗೆ ನಿಂತು ನೋಡಿ. ಉಪಗ್ರಹದ ಚಿತ್ರದಲ್ಲಿ ಎರಡೂ ಹಸಿರೇ. ಕಿವಿಗೆ ಮಾತ್ರ ಒಂದು ಸಂತೆ, ಇನ್ನೊಂದು ಸ್ಮಶಾನ. ಸರ್ಕಾರದ ಕಡತಕ್ಕೆ ಸುಳ್ಳು ಹೇಳಿಸಬಹುದು, ಕಪ್ಪೆಗೆ ಹೇಳಿಸಲಾಗದು.

ಕಲ್ಲೂ ಹೀರುತ್ತದೆ

ಈಗ ಮತ್ತೆ ಕಾಸೆಲ್‌ನ ಕಲ್ಲಿನ ಬಳಿ ಬರೋಣ. ಬಾಯ್ಸ್ ಆಯ್ದುಕೊಂಡದ್ದು ಬಸಾಲ್ಟ್, ಅಂದರೆ ಜ್ವಾಲಾಮುಖಿಯ ಲಾವಾ ತಣಿದು ಆದ ಕಪ್ಪು ಶಿಲೆ. ಅವರು ಅದನ್ನು ಆಯ್ದ ಕಾರಣ ಬೇರೆ. ಆದರೆ ಇದೇ ಶಿಲೆ ಇಂದು ಇಂಗಾಲ ಹೀರುವವರ ಕಣ್ಮಣಿಯಾಗಿರುವುದು ಕಾಕತಾಳೀಯವಾದರೂ ಸೊಗಸಾದ ಸಂಗತಿ. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಬಸಾಲ್ಟಿನೊಂದಿಗೆ ವರ್ತಿಸಿ ಬೈಕಾರ್ಬನೇಟ್ ಆಗಿ ಹರಿದು ಕಡಲು ಸೇರುತ್ತದೆ. ಅಥವಾ ಸುಣ್ಣಕಲ್ಲಾಗಿ ಶಾಶ್ವತವಾಗಿ ನಿಲ್ಲುತ್ತದೆ. ಐಸ್‌ಲ್ಯಾಂಡಿನಲ್ಲಿ ನೆಲದಾಳದ ಬಸಾಲ್ಟಿಗೆ ಈ ಅನಿಲವನ್ನು ನೀರಿನಲ್ಲಿ ಕರಗಿಸಿ ಇಳಿಸಿದಾಗ ಶೇಕಡ 95ಕ್ಕೂ ಹೆಚ್ಚು ಭಾಗ ಎರಡೇ ವರ್ಷದೊಳಗೆ ಕಲ್ಲಾಯಿತೆಂದು 2016ರಲ್ಲಿ ವರದಿಯಾಯಿತು. ನಾಲ್ಕಡಿಯ ಇಡಿಗಂಬ ಗಾಳಿಮಳೆಗೆ ನಿಂತು ಕರಗಲು ಯುಗಗಳೇ ಬೇಕು. ಪುಡಿ ಮಾಡಿ ಹೊಲಕ್ಕೆ ಎರಚಿದರೆ ಕೆಲಸ ಚುರುಕಾಗುತ್ತದೆ, ಬೆಳೆಗೂ ಪೋಷಕಾಂಶ ಸಿಗುತ್ತದೆ.

ಈ ವಿಷಯದಲ್ಲಿ ನಾವು ಬಡವರಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ದಖ್ಖನ್ ಬಸಾಲ್ಟ್ ಹಾಸು ಐದು ಲಕ್ಷ ಚದರ ಕಿಲೋಮೀಟರಿನಷ್ಟು ಹರಡಿಕೊಂಡಿದೆ. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿಯ ಕಡೆಗಳಲ್ಲಿ ರೈತರ ಕಾಲಡಿ ಇರುವುದು ಇದೇ. ಅಲ್ಲಿಯ ಎರೆಮಣ್ಣು ಬಸಾಲ್ಟ್ ಕರಗಿ ಹುಟ್ಟಿದ ಕೂಸು. ಛತ್ತೀಸಗಢದ ಸಣ್ಣ ಹಿಡುವಳಿದಾರರ ಭತ್ತದ ಗದ್ದೆಗಳಿಗೆ ಬಸಾಲ್ಟ್ ಪುಡಿ ಹರಡುತ್ತಿರುವ ‘ಮಾಟಿ ಕಾರ್ಬನ್’ ಸಂಸ್ಥೆಗೆ 2025ರಲ್ಲಿ ಐದು ಕೋಟಿ ಡಾಲರ್‌ಗಳ ‘ಎಕ್ಸ್ ಪ್ರೈಜ್’ ಬಹುಮಾನವೂ ಬಂತು. ಎಷ್ಟು ಇಂಗಾಲ ನಿಜವಾಗಿ ಸೆರೆಯಾಯಿತು ಎಂದು ಹೊಲದ ಮಟ್ಟದಲ್ಲಿ ಅಳೆಯುವುದು ಮಾತ್ರ ಇಂದಿಗೂ ಕಠಿಣ ಕೆಲಸ.

ಮರ, ಮಣ್ಣು, ಕಲ್ಲು ಈ ಮೂರೇ ಹೀರುವವು. ಹಾಗಾದರೆ ಕಲೆಗೆ ಉಳಿದ ಕೆಲಸವೇನು?

ನೆಡುವುದಲ್ಲ, ಉಳಿಸುವುದು

ಈ ಮೂರೂ ನಿಧಾನಿಗಳು. ಒಂದು ಮರ ತನ್ನ ಪೂರ್ಣ ಇಂಗಾಲವನ್ನು ಕಟ್ಟಿಕೊಳ್ಳಲು ಐವತ್ತು, ಎಂಬತ್ತು ವರ್ಷ ಬೇಕು. ಅಷ್ಟರಲ್ಲಿ ಹತ್ತಾರು ಸರ್ಕಾರಗಳು ಬಂದು ಹೋಗಿರುತ್ತವೆ. ರಸ್ತೆ ಅಗಲವಾಗಿರುತ್ತದೆ, ವಿದ್ಯುತ್ ತಂತಿ ಹಾದುಹೋಗಿರುತ್ತದೆ. ಕಡಿದು ಸುಟ್ಟ ಮರುಗಳಿಗೆಯಲ್ಲಿ ಅಷ್ಟೂ ಇಂಗಾಲ ಮರಳಿ ಗಾಳಿಗೆ. ಹೀಗಾಗಿ ಇಂಗಾಲ ಹೀರುವ ಕೆಲಸ ಸೋಲುವುದು ವಿಜ್ಞಾನದ ಕೊರತೆಯಿಂದಲ್ಲ, ಮರೆವಿನಿಂದ. ಆ ಮರೆವಿಗೆ ವಿಜ್ಞಾನದಲ್ಲಿ ಮದ್ದಿಲ್ಲ, ಕಲೆಯಲ್ಲಿದೆ.

1992ರಿಂದ 1996ರ ಅವಧಿಯಲ್ಲಿ ಫಿನ್ಲೆಂಡಿನ ಇಲೋಯಾರ್ವಿ ಎಂಬಲ್ಲಿ ಜಲ್ಲಿ ತೆಗೆದು ಬರಿದಾಗಿದ್ದ ಜಾಗದಲ್ಲಿ ಕಲಾವಿದೆ ಆಗ್ನೆಸ್ ಡೆನಿಸ್ ಒಂದು ಗುಡ್ಡ ಕಟ್ಟಿಸಿ, 11,000 ಜನರ ಕೈಯಿಂದ 11,000 ಗಿಡಗಳನ್ನು ಸುರುಳಿಯಾಕಾರದಲ್ಲಿ ನೆಡಿಸಿದರು. ನೆಟ್ಟ ಪ್ರತಿಯೊಬ್ಬರಿಗೂ ಅವರವರ ಮರದ ಒಡೆತನದ ಪತ್ರ ಸಿಕ್ಕಿತು. ಆ ಪತ್ರ ಮಕ್ಕಳಿಗೆ, ಮೊಮ್ಮಕ್ಕಳಿಗೆ ದಾಟುತ್ತ 400 ವರ್ಷ ಚಾಲ್ತಿಯಲ್ಲಿರುತ್ತದೆ. ಅಲ್ಲಿಯವರೆಗೆ ಗುಡ್ಡಕ್ಕೂ ರಕ್ಷಣೆ. ಇಲ್ಲಿ ಕಲೆ ಎಂದರೆ ಸುರುಳಿಯ ಚೆಲುವು ಮಾತ್ರವಲ್ಲ, ಆ ಪತ್ರವೂ ಹೌದು. ಅದು ಮರೆಯದಂತೆ ಕಟ್ಟಿದ ಗಂಟು.

ನಮ್ಮಲ್ಲಿ ಇಂಥ ಗಂಟು ಕಟ್ಟಲು ಯಾವ ಪತ್ರವೂ ಬೇಕಾಗಿರಲಿಲ್ಲ. ಹುಲಿಕಲ್ ಮತ್ತು ಕುದೂರು ನಡುವಿನ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ ಆಲದ ಮರಗಳು 385 ಎಂದು ಪ್ರಸಿದ್ಧಿ. ಕಾಸೆಲ್‌ನ ಏಳು ಸಾವಿರದ ಮುಂದೆ ಸಣ್ಣ ಸಂಖ್ಯೆ. ಆದರೆ ಕೊಡಗಳಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಅವನ್ನು ಉಳಿಸಿಕೊಂಡದ್ದು ದೊಡ್ಡದು. ಮಕ್ಕಳಿಲ್ಲದ ದಂಪತಿ ಅವನ್ನು ಮಕ್ಕಳೆಂದರು. ಆ ಸಂಬಂಧವಾಚಕವೇ ಅವುಗಳ ಕಾವಲು. 2019ರಲ್ಲಿ ರಸ್ತೆ ಅಗಲಿಸುವ ಯೋಜನೆ ಆ ಮರಗಳ ಬುಡಕ್ಕೆ ಬಂದಾಗ ಶತಾಯುಷಿ ತಿಮ್ಮಕ್ಕನವರೇ ಸರ್ಕಾರದ ಬಾಗಿಲು ತಟ್ಟಿದರು. 2025ರ ನವೆಂಬರ್‌ನಲ್ಲಿ ಅವರು ನಮ್ಮನ್ನಗಲಿದ್ದಾರೆ. ಇನ್ನು ಮುಂದೆ ಆ ಬಾಗಿಲು ತಟ್ಟುವವರು ಯಾರು ಎಂಬುದು ನಮ್ಮ ಪಾಲಿಗೆ ಬಿಟ್ಟ ಪ್ರಶ್ನೆ. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಜನ ಮರಗಳನ್ನು ತಬ್ಬಿ ನಿಂತು ಆರಂಭಿಸಿದ ಅಪ್ಪಿಕೋ ಚಳವಳಿಯೂ ಪಾದಯಾತ್ರೆ, ಬೀದಿನಾಟಕ, ಜನಪದ ಕುಣಿತಗಳ ಮೂಲಕವೇ ಊರೂರಿಗೆ ಹಬ್ಬಿತೆಂಬುದನ್ನು ನೆನೆಯಬೇಕು. ಕಾಡು ಉಳಿಸಿದ್ದು ಕಲೆಯಲ್ಲ, ಜನ. ಜನರನ್ನು ಒಟ್ಟು ಸೇರಿಸಿದ್ದು ಕಲೆ.

ಎಚ್ಚರದ ಮಾತೂ ಒಂದಿದೆ. ಕಲೆಗೆ ಜನರನ್ನು ಬಡಿದೆಬ್ಬಿಸುವ ಶಕ್ತಿಯಿದ್ದಂತೆ ಜೋಗುಳ ಹಾಡಿ ಮಲಗಿಸುವ ಶಕ್ತಿಯೂ ಇದೆ. ಹೊಗೆ ಉಗುಳುವ ಉದ್ದಿಮೆಯೊಂದು ತನ್ನ ಕಾಂಪೌಂಡ್ ಗೋಡೆಗೆ ಹಸಿರು ಚಿತ್ರ ಬರೆಸಿ, ಗೋಷ್ಠಿ ಏರ್ಪಡಿಸಿ, ಎಲ್ಲೋ ನೆಟ್ಟ ಗಿಡಗಳ ಹೆಸರಿನಲ್ಲಿ ಇಂಗಾಲದ ಪ್ರಮಾಣಪತ್ರ ಕೊಂಡು ಕೈತೊಳೆದುಕೊಳ್ಳುವುದು ಸುಲಭ. ಒಳ್ಳೆಯ ಕಲೆಯನ್ನೂ ಸೋಗಿನ ಕಲೆಯನ್ನೂ ಬೇರ್ಪಡಿಸಲು ಬಾಯ್ಸ್ ಅವರ ಕಲ್ಲಿನ ರಾಶಿಯೇ ಒರೆಗಲ್ಲು. ಆ ರಾಶಿ ಸುಂದರವಾಗಿರಲಿಲ್ಲ. ಅದು ಊರಿನ ಕಣ್ಣಿಗೆ ಚುಚ್ಚುತ್ತಿತ್ತು. ಮಾಡಬೇಕಾದ ಕೆಲಸ ಎಷ್ಟು ಬಾಕಿ ಇದೆ ಎಂಬುದನ್ನು ದಿನವೂ, ಎಲ್ಲರೆದುರೂ ಸಾರುತ್ತಿತ್ತು. ಮುಚ್ಚಿಡಲಾಗದ ಬಾಕಿ ಲೆಕ್ಕ ಅದು.

ನಮ್ಮಲ್ಲಿ ಲೆಕ್ಕ ನಡೆಯುವುದು ತಿರುಗಾಮುರುಗಾ. 1950ರಲ್ಲಿ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಪ್ರತಿ ಮಳೆಗಾಲದಲ್ಲೂ ಗಿಡ ನೆಡುತ್ತಿದ್ದೇವೆ. ಎಷ್ಟು ನೆಟ್ಟೆವು ಎಂಬುದು ದಪ್ಪಕ್ಷರದಲ್ಲಿ ಬರುತ್ತದೆ. ಮೂರು ಬೇಸಿಗೆ ಕಳೆದ ಮೇಲೆ ಎಷ್ಟು ಉಳಿದವು ಎಂಬುದು ಸಣ್ಣಕ್ಷರದಲ್ಲೂ ಬರುವುದು ಅಪರೂಪ. ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ, ಅದೇ ನೀರುಣಿಸುವ ಛಾಯಾಚಿತ್ರ.

ಮುಂದಿನ ಜೂನ್ 5ರಂದು ಒಂದು ಪ್ರಯೋಗ ಮಾಡಬಹುದು. ಇಷ್ಟು ಸಾವಿರ, ಇಷ್ಟು ಲಕ್ಷ ಗಿಡ ನೆಡುತ್ತೇವೆಂದು ಘೋಷಿಸುವ ಪ್ರತಿ ಇಲಾಖೆ, ನಗರಪಾಲಿಕೆ, ಕಂಪನಿ ತನ್ನ ಕಚೇರಿಯ ಮುಂಬಾಗಿಲಲ್ಲೇ ಅಷ್ಟು ಕಲ್ಲುಗಳನ್ನು ಸುರಿಯಲಿ. ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಬಾಯ್ಸ್ ಅವರ ನಿಯಮವನ್ನು ತುಸು ಬಿಗಿಗೊಳಿಸೋಣ: ಗಿಡ ನೆಟ್ಟ ದಿನ ಕಲ್ಲೆತ್ತುವಂತಿಲ್ಲ. ಮೂರನೆಯ ಬೇಸಿಗೆ ದಾಟಿ ಗಿಡ ಬದುಕಿದ್ದರೆ ಮಾತ್ರ ರಾಶಿಯಿಂದ ಒಂದು ಕಲ್ಲು ಕಡಿಮೆಯಾಗಲಿ. ಅಲ್ಲಿಯವರೆಗೆ ಆಯುಕ್ತರೂ ಅಧ್ಯಕ್ಷರೂ ಆ ರಾಶಿಯನ್ನು ಬಳಸಿಕೊಂಡೇ ಒಳಗೆ ಹೋಗಲಿ, ನಾವೂ ಅದನ್ನು ನೋಡುತ್ತಲೇ ಬಸ್ಸು ಹಿಡಿಯೋಣ.